ಕಫ ತೆಗೆಯುವ ಆ ಹತ್ತು ಸೆಕೆಂಡು ಕಣ್ಣು ಎಲ್ಲಿರಬೇಕು?

"ಸಿಸ್ಟರ್, ದಿನಕ್ಕೆ ಎಷ್ಟು ಸಲ ಸಕ್ಷನ್ ಮಾಡ್ಬೇಕು?"

ಗಂಟಲಿಗೆ ಟ್ಯೂಬ್ ಹಾಕಿರುವ ರೋಗಿಯನ್ನು ಐಸಿಯುನಿಂದ ಮನೆಗೆ ಕಳಿಸುವ ದಿನ ಮನೆಯವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ಈ ಅಂಕಣಕ್ಕೆ ಬರುವ ಮೇಲ್‌ಗಳಲ್ಲೂ ಇದೇ ಇರುತ್ತೆ. ಕೇಳೋದರಲ್ಲಿ ತಪ್ಪೇನಿಲ್ಲ. ನಮಗೆ ಚಿಕಿತ್ಸೆ ಅಂದರೆ ಚೀಟಿಯಲ್ಲಿ 1-0-1 ಅಂತ ಬರೆದಿರಬೇಕು. ಬೆಳಗ್ಗೆ ಒಂದು, ರಾತ್ರಿ ಒಂದು, ಮಧ್ಯಾಹ್ನ ಬೇಡ. ಸಕ್ಷನ್‌ಗೂ ಅಂಥದ್ದೇ ಒಂದು ಲೆಕ್ಕ ಸಿಕ್ಕಿಬಿಟ್ಟರೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡು ನಿಶ್ಚಿಂತೆಯಿಂದ ಆಫೀಸಿಗೆ ಹೋಗಬಹುದು.

ಆದರೆ ಸಕ್ಷನ್‌ಗೆ 1-0-1 ಇಲ್ಲ. ಬೇಕಾದಾಗ ಮಾಡಬೇಕು, ಬೇಡದಾಗ ಮುಟ್ಟಬಾರದು. ಬೇಕೋ ಬೇಡವೋ ಅನ್ನೋದನ್ನ ಗಡಿಯಾರ ಹೇಳಲ್ಲ, ಮಲಗಿರುವವರು ಹೇಳ್ತಾರೆ. ಬಾಯಿಂದ ಅಲ್ಲ, ಎದೆಯಿಂದ, ಮುಖದಿಂದ, ಉಸಿರಿನ ಸದ್ದಿನಿಂದ. ಅದನ್ನು ಓದೋದು ಹೇಗೆ, ಪೈಪು ಒಳಗಿರುವಾಗ ಏನನ್ನು ನೋಡ್ತಾ ಇರಬೇಕು, ಯಾವಾಗ ಕೈ ಹಿಂದೆ ತೆಗೀಬೇಕು? ಈ ವಾರ ಅಷ್ಟೇ ವಿಷಯ.

ಮನೆಗೆ ಬಂದ ಟ್ಯೂಬು

ಪಾರ್ಶ್ವವಾಯು, ಬೈಕ್ ಅಪಘಾತದಲ್ಲಿ ತಲೆಗೆ ಬಿದ್ದ ಪೆಟ್ಟು, ಗಿಲ್ಲನ್ ಬಾರೆ ಸಿಂಡ್ರೋಮ್, ಮೋಟಾರ್ ನ್ಯೂರಾನ್ ಕಾಯಿಲೆ. ಹೀಗೆ ನಾನಾ ಕಾರಣಕ್ಕೆ ದಿನಗಟ್ಟಲೆ ವೆಂಟಿಲೇಟರ್ ಮೇಲಿದ್ದವರಿಗೆ ಕುತ್ತಿಗೆಯ ಮುಂಭಾಗದಲ್ಲಿ ಸಣ್ಣ ರಂಧ್ರ ಮಾಡಿ, ನೇರವಾಗಿ ಶ್ವಾಸನಾಳಕ್ಕೆ ಒಂದು ಟ್ಯೂಬ್ ಇಡುತ್ತಾರೆ. ಇದು ಟ್ರೇಕಿಯಾಸ್ಟಮಿ. ವಾರ್ಡಿನಲ್ಲಿ ನಾವೆಲ್ಲ ಚುಟುಕಾಗಿ 'ಟ್ರೇಕಿ' ಅಂತೀವಿ. ವೆಂಟಿಲೇಟರ್ ಬಿಟ್ಟ ಮೇಲೂ ಕೆಲವರಿಗೆ ಈ ಟ್ಯೂಬ್ ತಿಂಗಳುಗಟ್ಟಲೆ ಬೇಕಾಗುತ್ತೆ. ಆಗ ಮನೆಯ ಒಂದು ರೂಮು ಅರ್ಧ ವಾರ್ಡ್ ಆಗಿಬಿಡುತ್ತೆ. ಬಾಡಿಗೆ ಮಂಚ, ಆಕ್ಸಿಜನ್ ಕಾನ್ಸಂಟ್ರೇಟರ್, ಮೂಲೆಯಲ್ಲಿ ಸಕ್ಷನ್ ಮೆಷಿನ್.

ಟ್ಯೂಬ್ ಜೀವ ಉಳಿಸುತ್ತೆ, ನಿಜ. ಆದರೆ ಮೂರು ವಿಷಯವನ್ನು ಕಿತ್ತುಕೊಳ್ಳುತ್ತೆ.

ಮೊದಲನೆಯದು ಮೂಗಿನ ಕೆಲಸ. ನಾವು ಎಳೆದುಕೊಳ್ಳುವ ಗಾಳಿಯನ್ನು ಮೂಗು ಬೆಚ್ಚಗೆ ಮಾಡಿ, ತೇವ ಬೆರೆಸಿ, ಧೂಳು ಸೋಸಿ ಒಳಗೆ ಕಳಿಸುತ್ತೆ. ಟ್ಯೂಬಿನಿಂದ ಹೋಗುವ ಗಾಳಿಗೆ ಆ ಉಪಚಾರ ಇಲ್ಲ. ಒಣಗಾಳಿ ಹೋಗಿ ಹೋಗಿ ಕಫ ಅಂಟಂಟಾಗಿ ಗಟ್ಟಿಯಾಗುತ್ತೆ. ಎರಡನೆಯದು ಕೆಮ್ಮಿನ ಬಲ. ಜೋರಾಗಿ ಕೆಮ್ಮಬೇಕಾದರೆ ಗಂಟಲಿನ ಧ್ವನಿತಂತುಗಳು ಒಂದು ಕ್ಷಣ ಮುಚ್ಚಿಕೊಂಡು ಒಳಗೆ ಒತ್ತಡ ಕಟ್ಟಬೇಕು. ಟ್ಯೂಬ್ ಇರುವುದು ಅದಕ್ಕಿಂತ ಕೆಳಗೆ, ಹಾಗಾಗಿ ಕೆಮ್ಮು ಸೋರಿಹೋಗುತ್ತೆ. ಮೂರನೆಯದು ದನಿ. ಗಾಳಿ ಧ್ವನಿತಂತುಗಳನ್ನು ಮುಟ್ಟದೆ ಹೊರಗೆ ಹೋಗೋದರಿಂದ ಹೆಚ್ಚಿನವರಿಗೆ ಮಾತು ಹೊರಡಲ್ಲ.

ಮೊದಲ ಎರಡು ಕಾರಣಕ್ಕೆ ಸಕ್ಷನ್ ಬೇಕು. ಮೂರನೆಯ ಕಾರಣಕ್ಕೆ ಸಕ್ಷನ್ ಅಪಾಯದ ಕೆಲಸ. ನಿಮ್ಮ ಕೈಯಲ್ಲಿರುವ ಪೈಪಿನಿಂದ ಅವರಿಗೆ ಉಸಿರು ಕಟ್ಟುತ್ತಿದ್ದರೆ, "ಸಾಕು, ನಿಲ್ಲಿಸು" ಅಂತ ಹೇಳೋಕೆ ಅವರಿಗೆ ದನಿಯೇ ಇಲ್ಲ.

ಕಫದ ಜೊತೆ ಗಾಳಿಯೂ ಹೋಗುತ್ತೆ

ಎಳನೀರು ತಳ ಸೇರಿದಾಗ ಸ್ಟ್ರಾ ಗೊರಗೊರ ಅನ್ನುತ್ತಲ್ಲ, ಆಗ ಬಾಯಿಗೆ ಬರೋದು ನೀರಿಗಿಂತ ಗಾಳಿಯೇ ಜಾಸ್ತಿ. ಸಕ್ಷನ್ ಕೂಡ ಹಾಗೇ. ಮೆಷಿನ್‌ಗೆ ಕಫ ಯಾವುದು, ಗಾಳಿ ಯಾವುದು ಅಂತ ಗೊತ್ತಿಲ್ಲ. ಎರಡನ್ನೂ ಎಳೆಯುತ್ತೆ. ಅಷ್ಟು ಹೊತ್ತು ಟ್ಯೂಬಿನ ದಾರಿಯನ್ನು ಪೈಪು ಅರ್ಧ ಮುಚ್ಚಿರುತ್ತೆ. ಆಕ್ಸಿಜನ್ ಮೇಲಿರುವವರಾದರೆ ಅದನ್ನೂ ಬಿಚ್ಚಿರ್ತೀವಿ. ಎಳೆತ ಜೋರಾದರೆ ಶ್ವಾಸಕೋಶದ ಸಣ್ಣ ಗಾಳಿಗೂಡುಗಳು ಕುಸಿಯಬಹುದು. ಪೈಪಿನ ತುದಿ ಶ್ವಾಸನಾಳದ ಗೋಡೆಗೆ ತಾಗಿದಾಗ ವೇಗಸ್ ಅನ್ನೋ ನರ ಕೆರಳಿ ಹೃದಯದ ಬಡಿತ ಒಮ್ಮೆಲೇ ನಿಧಾನವಾಗುವುದೂ ಉಂಟು.

ಅದಕ್ಕೇ ಪೈಪು ಒಳಗಿರುವ ಸಮಯಕ್ಕೆ ಒಂದು ಮಿತಿ. ಹತ್ತು ಸೆಕೆಂಡಿನಲ್ಲಿ ಮುಗಿಸೋದು ಒಳ್ಳೇದು, 15 ಸೆಕೆಂಡು ಮೀರಲೇಬಾರದು. ನರ್ಸಿಂಗ್ ಕಲಿಯುವಾಗ ನಮಗೆ ಹೇಳಿಕೊಟ್ಟ ಒಂದು ಉಪಾಯವನ್ನು ನಾನು ಮನೆಯವರಿಗೂ ಹೇಳ್ತೀನಿ: ಪೈಪು ಒಳಗೆ ಹೋಗುವಾಗ ನಿಮ್ಮ ಉಸಿರನ್ನೂ ಹಿಡಿದುಕೊಳ್ಳಿ. ನಿಮಗೆ ಚಡಪಡಿಕೆ ಶುರುವಾಗುವ ಮೊದಲೇ ಅದು ಹೊರಗೆ ಬಂದಿರಬೇಕು. ನಿಮ್ಮದು ಗಟ್ಟಿ ಶ್ವಾಸಕೋಶ, ಅವರದು ಈಗಷ್ಟೇ ಕಾಯಿಲೆಯಿಂದ ಎದ್ದಿರೋದು ಅನ್ನೋದು ನೆನಪಿರಲಿ.

ಪೈಪು ಮುಟ್ಟುವ ಮೊದಲು

ಯಾವಾಗ ಬೇಕು? ಟ್ಯೂಬಿನಲ್ಲಿ ಗೊರಗೊರ ಸದ್ದು ಕೇಳಿದಾಗ. ಟ್ಯೂಬಿನ ಬಾಯಲ್ಲಿ ಕಫ ಕಂಡಾಗ. ಎದೆಯ ಮೇಲೆ ಅಂಗೈ ಇಟ್ಟರೆ ಒಳಗೆ ಗರಗರ ಅದುರಿದ ಹಾಗೆ ಅನಿಸಿದಾಗ. ಕೆಮ್ಮು ಬಂದೂ ಕಫ ಹೊರಗೆ ಬರದೇ ಇದ್ದಾಗ. ಉಸಿರು ವೇಗವಾಗಿ, ಕುತ್ತಿಗೆಯ ಪಕ್ಕದ ಸ್ನಾಯುಗಳು ಎಳೆದುಕೊಳ್ಳುವಾಗ. ಬೇರೆ ಕಾರಣ ಇಲ್ಲದೆ ಸ್ಯಾಚುರೇಶನ್ ಇಳಿಯುತ್ತಿರುವಾಗ. ಇವ್ಯಾವುದೂ ಇಲ್ಲದೆ, ಎದೆ ತಿಳಿಯಾಗಿದ್ದು, ಹಾಯಾಗಿ ಮಲಗಿದ್ದರೆ, ಗಂಟೆ ಆಯ್ತು ಅಂತ ಎಬ್ಬಿಸಿ ಪೈಪು ಹಾಕಬೇಡಿ. ಪ್ರತಿ ಸಲವೂ ಒಳಗಿನ ಮೆತ್ತನೆ ಪೊರೆಗೆ ಸ್ವಲ್ಪ ತರಚುತ್ತೆ. ತರಚಿದ ಜಾಗ ಮತ್ತೆ ಕಫ ಸುರಿಸುತ್ತೆ. ಆದರೆ ನೋಡೋದನ್ನ ಮಾತ್ರ ಗಡಿಯಾರ ಹಿಡಿದೇ ಮಾಡಿ. ಗಂಟೆಗಿಷ್ಟು ಸಲ ಹೋಗಿ ಎದೆಗೆ ಕೈ ಇಟ್ಟು, ಕಿವಿಗೊಟ್ಟು ಬನ್ನಿ.

ಬೇಕು ಅಂತ ತೀರ್ಮಾನವಾದ ಮೇಲೆ ಕೈ ತೊಳೆದು, ಎರಡು ಸಂಖ್ಯೆ ಬರೆದುಕೊಳ್ಳಿ. ಸ್ಯಾಚುರೇಶನ್ ಎಷ್ಟಿದೆ, ಪಲ್ಸ್ ಎಷ್ಟಿದೆ. ಶುರುವಿನಲ್ಲಿ 97 ಇದ್ದವರು 92ಕ್ಕೆ ಬರೋದಕ್ಕೂ, ಯಾವಾಗಲೂ 92ರಲ್ಲೇ ಇರುವವರು 92ರಲ್ಲಿರೋದಕ್ಕೂ ಬಹಳ ವ್ಯತ್ಯಾಸ ಇದೆ. ಶುರು ಗೊತ್ತಿಲ್ಲದಿದ್ದರೆ ಇಳಿದದ್ದು ಗೊತ್ತಾಗಲ್ಲ.

ಪೈಪಿನ ಅಳತೆ ನೋಡಿ. ನಾವು ಕ್ಯಾಥೆಟರ್ ಅನ್ನುವ ಆ ತೆಳು ಪೈಪು ಟ್ಯೂಬಿನ ಒಳ ಅಗಲದ ಅರ್ಧಕ್ಕಿಂತ ದಪ್ಪ ಇರಬಾರದು. ಕ್ಯಾಥೆಟರ್ ಮೇಲೆ ಬರೆದಿರೋದು ಫ್ರೆಂಚ್ ಅಳತೆ, ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ಒಳ ಅಗಲ 8 ಮಿಲಿಮೀಟರ್ ಇರುವ ಟ್ಯೂಬಿಗೆ ಅರ್ಧ ಅಂದರೆ 4 ಮಿಲಿಮೀಟರ್, ಅಂದರೆ 12 ಫ್ರೆಂಚ್. ಅಂಗಡಿಯವರು "12 ಖಾಲಿ, 14 ಇದೆ, ನಡೆಯುತ್ತೆ ತಗೊಳಿ" ಅಂದರೆ ನಡೆಯಲ್ಲ. ದಪ್ಪ ಪೈಪು ಬೇಗ ಕಫ ಎಳೆಯಬಹುದು, ಆದರೆ ಅದರ ಪಕ್ಕದಲ್ಲಿ ಉಸಿರಿಗೆ ದಾರಿ ಉಳಿಯಲ್ಲ.

ಮೆಷಿನ್‌ನ ಎಳೆತ ನೋಡಿ. ಪೈಪನ್ನು ಬೆರಳಲ್ಲಿ ಮಡಚಿ ಹಿಡಿದರೆ ಗಡಿಯಾರದಂಥ ಡಯಲ್‌ನಲ್ಲಿ ಮುಳ್ಳು ಏರುತ್ತೆ. ದೊಡ್ಡವರಿಗೆ 80ರಿಂದ 120 ಎಂಎಂ ಮರ್ಕ್ಯುರಿ ಇಡೋದು ನಮ್ಮಲ್ಲಿ ಕಲಿಸುವ ಸಾಮಾನ್ಯ ಅಳತೆ. ಕಫ ಗಟ್ಟಿ ಅಂತ ನಾಬ್ ತಿರುಗಿಸುತ್ತಾ ಹೋಗಬೇಡಿ. ಗಟ್ಟಿ ಕಫಕ್ಕೆ ಮದ್ದು ತೇವ. ಹ್ಯುಮಿಡಿಫೈಯರ್, ಟ್ಯೂಬಿಗೆ ಹಾಕುವ ಕೃತಕ ಮೂಗು, ಹೊಟ್ಟೆಗೆ ಹೋಗುವ ನೀರು ಸಾಕಷ್ಟಿದೆಯೇ ಅಂತ ಡಾಕ್ಟರ್ ಹತ್ತಿರ ಮಾತಾಡಿ. ಹಿಂದೆ ಪ್ರತಿ ಸಲವೂ ಟ್ಯೂಬಿಗೆ ಸಲೈನ್ ಬಿಟ್ಟು ಆಮೇಲೆ ಸಕ್ಷನ್ ಮಾಡುವ ರೂಢಿ ಇತ್ತು. ಈಗ ಅದನ್ನು ರೂಢಿಯಾಗಿ ಮಾಡಬೇಡಿ ಅಂತಲೇ ಮಾರ್ಗಸೂಚಿಗಳು ಹೇಳುತ್ತವೆ. ಅದರಿಂದ ಆಕ್ಸಿಜನ್ ಇನ್ನಷ್ಟು ಇಳಿಯಬಹುದು.

ಆಕ್ಸಿಜನ್ ಮೇಲಿರುವವರಿಗೆ ಶುರು ಮಾಡುವ ಮೊದಲು ಅರ್ಧ ನಿಮಿಷದಿಂದ ಒಂದು ನಿಮಿಷ ಹೆಚ್ಚು ಆಕ್ಸಿಜನ್ ಕೊಡೋದು ಆಸ್ಪತ್ರೆಯ ಪದ್ಧತಿ. ಮನೆಯಲ್ಲಿ ಎಷ್ಟು ಲೀಟರ್‌ಗೆ ಏರಿಸಬೇಕು ಅನ್ನೋದನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.

ಕೊನೆಯದಾಗಿ, ಹೇಳಿ. "ಅಪ್ಪಾ, ಕಫ ತೆಗೀತೀನಿ, ಕೆಮ್ಮು ಬರುತ್ತೆ, ಹತ್ತು ಎಣಿಸೋದರಲ್ಲಿ ಮುಗಿಯುತ್ತೆ." ಪ್ರಜ್ಞೆ ಇಲ್ಲ ಅಂತ ಅನಿಸಿದವರಿಗೂ ಹೇಳಿ. ಕೇಳಿಸುತ್ತಿರಬಹುದು.

ಕೈ ಒಬ್ಬರದು, ಕಣ್ಣು ಇನ್ನೊಬ್ಬರದು

ಕ್ಯಾಥೆಟರ್ ಒಳಗೆ ಹೋಗುವಾಗ ಎಳೆತ ಇರಬಾರದು, ಪಕ್ಕದ ತೂತಿನ ಮೇಲಿಂದ ಹೆಬ್ಬೆರಳು ತೆಗೆದಿರಲಿ. ಮೊದಲೇ ಅಳೆದು ಗುರುತು ಮಾಡಿದಷ್ಟು ಉದ್ದ ಮಾತ್ರ ಒಳಗೆ. ಹೊರಗೆ ಬರುವಾಗ ಹೆಬ್ಬೆರಳು ಮುಚ್ಚಿ, ಮೆಲ್ಲಗೆ ಎಳೆದುಕೊಳ್ಳಿ. ಈ ಕೈಕೆಲಸವನ್ನು ನಿಮ್ಮ ಆಸ್ಪತ್ರೆಯ ನರ್ಸ್ ಹತ್ತಿರ ನಿಂತು, ಅವರ ಕಣ್ಣೆದುರೇ ಮಾಡಿ ಕಲಿಯಬೇಕು. ಓದಿ ಅಥವಾ ವಿಡಿಯೋ ನೋಡಿ ಕಲಿಯೋ ವಿಷಯ ಅಲ್ಲ.

ಹೊಸದಾಗಿ ಮಾಡುವವರ ಕಣ್ಣು ಎಲ್ಲಿರುತ್ತೆ ಗೊತ್ತಾ? ಕ್ಯಾಥೆಟರ್ ಒಳಗೆ ಓಡುವ ಕಫದ ಮೇಲೆ. ಬರ್ತಿದೆಯಾ, ಇನ್ನೂ ಇದೆಯಾ, ಪೂರ್ತಿ ಬಂತಾ? ಅಷ್ಟು ಬಂತಲ್ಲ ಅಂತ ಖುಷಿಯಲ್ಲಿ ಇನ್ನೈದು ಸೆಕೆಂಡು ಜಾಸ್ತಿ ಇಟ್ಟುಬಿಡ್ತಾರೆ. ಅಷ್ಟರಲ್ಲಿ ಮುಖದಲ್ಲಿ ಏನೇನೋ ಆಗಿಹೋಗಿರುತ್ತೆ.

ಅದಕ್ಕೇ ನಾನು ಮನೆಯವರಿಗೆ ಇಬ್ಬರಾಗಿ ಮಾಡಿ ಅಂತ ಹೇಳೋದು, ಕನಿಷ್ಠ ಮೊದಲ ಕೆಲವು ವಾರ. ಒಬ್ಬರು ಪೈಪು ಹಿಡೀಲಿ. ಇನ್ನೊಬ್ಬರು ಮುಖ ಮತ್ತು ಆಕ್ಸಿಮೀಟರ್ ನೋಡ್ತಾ ಜೋರಾಗಿ ಎಣಿಸಲಿ. ಕಫ ಎಷ್ಟು ಬಂತು ಅನ್ನೋದು ಎರಡನೆಯವರಿಗೆ ಸಂಬಂಧವೇ ಇಲ್ಲ. ಅವರ ಬಾಯಲ್ಲಿ "ನಿಲ್ಲಿಸು" ಅಂತ ಬಂದ ತಕ್ಷಣ ಪೈಪು ಹೊರಗೆ. ಯಾಕೆ ಏನು ಅಂತ ಆಮೇಲೆ ಮಾತಾಡಬಹುದು.

ಯಾವಾಗ ನಿಲ್ಲಿಸು ಅನ್ನಬೇಕು? ನಮ್ಮ ನರ್ಸಿಂಗ್ ಪಾಠದಲ್ಲಿ ಒಂದು ಲೆಕ್ಕ ಇದೆ. ಸ್ಯಾಚುರೇಶನ್ 90ಕ್ಕಿಂತ ಕೆಳಗೆ ಹೋದರೆ, ಅಥವಾ ಶುರುವಿನಲ್ಲಿದ್ದದ್ದಕ್ಕಿಂತ 5 ಇಳಿದರೆ. ಪಲ್ಸ್ ಶುರುವಿಗಿಂತ 20 ಕಡಿಮೆಯಾದರೆ ಅಥವಾ 40 ಜಾಸ್ತಿಯಾದರೆ. ನಿಮ್ಮ ಡಾಕ್ಟರ್ ಬೇರೆ ಸಂಖ್ಯೆ ಬರೆದುಕೊಟ್ಟಿದ್ದರೆ ಅದೇ ಕೊನೆ ಮಾತು. ಸಂಖ್ಯೆ ಬಿಟ್ಟು ನೋಡಬೇಕಾದ್ದು: ಹಣೆಯಲ್ಲಿ ತಟ್ಟನೆ ಬೆವರು, ಕಣ್ಣು ಅಗಲಿಸಿ ಗಾಬರಿಯಾಗೋದು, ನಿಲ್ಲದ ಕೆಮ್ಮು, ಕೈ ಕಿತ್ತುಕೊಳ್ಳೋದು, ಪೈಪಿನಲ್ಲಿ ಕೆಂಪು ರಕ್ತ. ಸ್ವಲ್ಪ ಕೆಮ್ಮು, ಕಣ್ಣಲ್ಲಿ ನೀರು, ಒಂದು ಕ್ಷಣ ಮುಖ ಕೆಂಪಾಗೋದು ಸಾಮಾನ್ಯ. ಅದಕ್ಕೆ ಹೆದರಬೇಡಿ.

ಒಬ್ಬ ಅಮ್ಮ ನನಗೆ ನೆನಪಾಗ್ತಾರೆ. ಮಗಳು ಸಾಫ್ಟ್‌ವೇರ್ ಕೆಲಸದಲ್ಲಿದ್ದವಳು, ಎಲ್ಲ ಸಂಖ್ಯೆಯನ್ನೂ ಎಕ್ಸೆಲ್ ಶೀಟ್‌ನಲ್ಲಿ ಅಚ್ಚುಕಟ್ಟಾಗಿ ತುಂಬುತ್ತಿದ್ದಳು. ಅಮ್ಮನಿಗೆ ಆಕ್ಸಿಮೀಟರ್ ಓದೋಕೆ ಬರ್ತಿರಲಿಲ್ಲ. ಆದರೆ ಮೂರನೇ ದಿನ ಅವರೇ ಹೇಳಿದರು, "ಸಿಸ್ಟರ್, ಇವರಿಗೆ ಉಸಿರು ಸಾಲದೆ ಹೋದ್ರೆ ಬಲಗಾಲಿನ ಹೆಬ್ಬೆರಳು ಮಡಚ್ತಾರೆ." ನೋಡಿದರೆ ಹೌದು. ಸಂಖ್ಯೆ ಇಳಿಯೋಕೆ ಮೊದಲೇ ಹೆಬ್ಬೆರಳು ಮಡಚುತ್ತಿತ್ತು. ಅವತ್ತಿನಿಂದ ಆ ಮನೆಯಲ್ಲಿ ಸಕ್ಷನ್ ಮಾಡುವಾಗ ಕಾಲಿನ ಮೇಲೆ ಹೊದಿಕೆ ಹಾಕ್ತಿರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ನರ್ಸಿಂಗ್ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೇ ಒಂದು ಪೂರ್ತಿ ಅಧ್ಯಾಯ ಇದೆ. ಆ ಅಧ್ಯಾಯವನ್ನು ಓದದೆಯೇ ಈ ಅಮ್ಮ ಪಾಸಾಗಿದ್ದರು.

ಬೆರಳಿನ ಮೇಲಿನ ಸಂಖ್ಯೆ ಎಷ್ಟು ನಿಜ?

ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರ್ ಈಗ ಡ್ರಾಯರ್‌ನಲ್ಲಿ ಥರ್ಮಾಮೀಟರ್ ಪಕ್ಕ ಇದೆ. ಇದರ ಹಿಂದಿನ ತತ್ವವನ್ನು 1974ರಲ್ಲಿ ಕಂಡುಕೊಂಡವರು ಜಪಾನಿನ ತಕುವೊ ಅಯೋಯಾಗಿ ಎಂಬ ಎಂಜಿನಿಯರ್. ಅವರು ಬೇರೇನೋ ಅಳೆಯಲು ಹೊರಟಿದ್ದರು. ಕಿವಿಯ ಮೂಲಕ ಬೆಳಕು ಹಾಯಿಸಿ ಅಳೆಯುವಾಗ ನಾಡಿಬಡಿತ ನಡುವೆ ಬಂದು ಗೆರೆಯನ್ನು ಅಲುಗಾಡಿಸುತ್ತಿತ್ತು. ತೊಂದರೆ ಕೊಡುತ್ತಿದ್ದ ಆ ಬಡಿತದಲ್ಲೇ ರಕ್ತದ ಆಕ್ಸಿಜನ್ ಲೆಕ್ಕ ಅಡಗಿದೆ ಅಂತ ಅವರಿಗೆ ಹೊಳೆಯಿತು. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಪ್ರಪಂಚವೆಲ್ಲ ಅವರ ಉಪಕರಣಕ್ಕಾಗಿ ಹುಡುಕಾಡುತ್ತಿದ್ದಾಗ.

ಒಳ್ಳೆಯ ಉಪಕರಣ. ಆದರೆ ಸಕ್ಷನ್ ಹೊತ್ತಿನಲ್ಲಿ ಅದರ ಬಗ್ಗೆ ಮೂರು ವಿಷಯ ತಿಳಿದಿರಬೇಕು.

ಒಂದು, ಅದು ತೋರಿಸೋದು ಸ್ವಲ್ಪ ಹಳೇ ಸುದ್ದಿ. ಶ್ವಾಸಕೋಶದಲ್ಲಿ ಆಕ್ಸಿಜನ್ ಕಡಿಮೆಯಾದ ರಕ್ತ ಬೆರಳ ತುದಿಗೆ ಬರಬೇಕು, ಮೆಷಿನ್ ಹಿಂದಿನ ಕೆಲವು ಸೆಕೆಂಡುಗಳ ಸರಾಸರಿ ತೆಗೀಬೇಕು. ಕೈ ತಣ್ಣಗಿದ್ದರೆ, ರಕ್ತ ಸಂಚಾರ ನಿಧಾನವಾಗಿದ್ದರೆ ಇನ್ನೂ ತಡ. ಹಾಗಾಗಿ ಹತ್ತು ಸೆಕೆಂಡಿನ ಸಕ್ಷನ್ ಮುಗಿದಾಗ ಸಂಖ್ಯೆ ಇನ್ನೂ 96 ಅಂತಲೇ ಇರಬಹುದು, ಪೈಪು ತೆಗೆದ ಮೇಲೆ ಇಳಿಯೋಕೆ ಶುರುವಾಗಬಹುದು. "ಇಳಿದೇ ಇಲ್ಲವಲ್ಲ, ಇನ್ನೊಂದು ಸಲ ಹಾಕೋಣ" ಅಂತ ಕೂಡಲೇ ಮತ್ತೆ ಪೈಪು ಹಾಕೋದು ಇಲ್ಲೇ ಅಪಾಯ.

ಎರಡು, ಕೈ ಅಲುಗಾಡಿದರೆ, ಉಗುರಿಗೆ ಬಣ್ಣ ಇದ್ದರೆ ಸಂಖ್ಯೆ ಹೆಚ್ಚುಕಮ್ಮಿ ಆಗುತ್ತೆ. ಕೆಮ್ಮುವಾಗ ಕೈ ಅಲುಗಾಡೇ ಅಲುಗಾಡುತ್ತೆ. ಪಲ್ಸ್ ಗುರುತು ಸಮವಾಗಿ ಮಿಡಿಯುತ್ತಿದ್ದಾಗ ಮಾತ್ರ ಸಂಖ್ಯೆಯನ್ನು ನಂಬಿ.

ಮೂರು, ನಮ್ಮ ಮೈಬಣ್ಣ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿಮೀಟರ್ ಸರಿಯಿದೆ ಅಂತ ತೋರಿಸುತ್ತಿದ್ದರೂ ರಕ್ತದಲ್ಲಿ ಆಕ್ಸಿಜನ್ ಕಡಿಮೆ ಇದ್ದದ್ದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಕಂಡುಬಂತು. ಕಪ್ಪು, ಎಣ್ಣೆಗೆಂಪು ಬಣ್ಣದವರೇ ತುಂಬಿರುವ ನಮ್ಮಲ್ಲಿ ಇದನ್ನು ಮರೆಯೋ ಹಾಗಿಲ್ಲ. ಪಠ್ಯಪುಸ್ತಕದಲ್ಲಿ "ತುಟಿ, ಉಗುರು ನೀಲಿಯಾಗುತ್ತೆ" ಅಂತ ಓದಿ ಕೆನ್ನೆಯಲ್ಲಿ ನೀಲಿ ಹುಡುಕಿದರೆ ಸಿಗಲ್ಲ. ನಮ್ಮವರಲ್ಲಿ ನಾಲಿಗೆ, ತುಟಿಯ ಒಳಭಾಗ, ಒಸಡು ನೋಡಿ. ಅಲ್ಲಿ ಬೂದಿ ಬಣ್ಣ ಅಥವಾ ನೀಲಿ ಛಾಯೆ ಕಂಡರೆ, ಬೆರಳಿನ ಮೇಲೆ ಎಷ್ಟೇ ಇರಲಿ, ನಿಲ್ಲಿಸಿ. ರೂಮಿನಲ್ಲಿ ಹಳದಿ ಬಲ್ಬ್ ಬದಲು ಬಿಳಿ ಬೆಳಕು ಇರಲಿ. ಬಣ್ಣ ಕಾಣೋದು ಅದರಲ್ಲೇ.

ಪೈಪು ಹೊರಗೆ ಬಂದ ಮೇಲೆ

ಕೆಲಸ ಮುಗಿದಿಲ್ಲ. ಆಕ್ಸಿಜನ್ ಮತ್ತೆ ಜೋಡಿಸಿ ಅಲ್ಲೇ ನಿಲ್ಲಿ. ಸಂಖ್ಯೆ ಶುರುವಿನ ಮಟ್ಟಕ್ಕೆ ಬರುವವರೆಗೆ, ಉಸಿರು ನಿಧಾನವಾಗುವವರೆಗೆ ಬೇರೆ ಏನೂ ಬೇಡ. ಇನ್ನೊಂದು ಸಲ ಬೇಕಾದರೆ ಕನಿಷ್ಠ ಅರ್ಧದಿಂದ ಒಂದು ನಿಮಿಷ ಬಿಟ್ಟು, ಅವರು ಪೂರ್ತಿ ಚೇತರಿಸಿಕೊಂಡ ಮೇಲೆ. ಒಂದು ಬಾರಿಗೆ ಎರಡು, ಹೆಚ್ಚೆಂದರೆ ಮೂರು ಸಲ. ಟ್ಯೂಬಿಗೆ ಹಾಕಿದ ಮೇಲೆ ಬಾಯಿಗೆ ಹಾಕಬಹುದು. ಬಾಯಿಗೆ ಹಾಕಿದ್ದನ್ನು ಮತ್ತೆ ಟ್ಯೂಬಿಗೆ ಹಾಕಬಾರದು.

ಆಮೇಲೆ ಬರೆಯಿರಿ. ಗಂಟೆ, ಮೊದಲಿನ ಸಂಖ್ಯೆ, ಇಳಿದ ಅತಿ ಕಡಿಮೆ ಸಂಖ್ಯೆ, ಮತ್ತೆ ಮೇಲೆ ಬರೋಕೆ ಹಿಡಿದ ಸಮಯ, ಕಫದ ಬಣ್ಣ ಮತ್ತು ಗಟ್ಟಿತನ. ನಾಲ್ಕು ದಿನದ ಪುಟ ಒಟ್ಟಿಗೆ ನೋಡಿದರೆ ಕಥೆ ತಾನಾಗೇ ಕಾಣುತ್ತೆ. ಚೇತರಿಸಿಕೊಳ್ಳೋಕೆ ಮೊದಲು 20 ಸೆಕೆಂಡು ಬೇಕಾಗಿದ್ದದ್ದು ಈಗ ಎರಡು ನಿಮಿಷ ಆಗ್ತಿದ್ದರೆ ಒಳಗೆ ಏನೋ ಬದಲಾಗಿದೆ. ಕಫ ಹಳದಿ, ಹಸಿರಾಗಿ ಜ್ವರವೂ ಬಂದರೆ ಡಾಕ್ಟರ್‌ಗೆ ಅವತ್ತೇ ಫೋನ್ ಮಾಡಿ. ಒಂದೆರಡು ಎಳೆ ರಕ್ತ ತರಚಿದ್ದರಿಂದ ಇರಬಹುದು, ಆದರೂ ಬರೆದು ತಿಳಿಸಿ. ಹೊಸ ಕೆಂಪು ರಕ್ತ ಹರಿದು ಬಂದರೆ ಕಾಯಬೇಡಿ, ಅದು ತುರ್ತು.

ಕ್ಯಾಥೆಟರ್ ಒಳಗೆ ಹೋಗುತ್ತಲೇ ಇಲ್ಲ ಅಂದರೆ ಒತ್ತಬೇಡಿ. ಟ್ಯೂಬ್ ಕಟ್ಟಿಕೊಂಡಿರಬಹುದು. ಒಳಟ್ಯೂಬ್ ಇರುವ ಮಾದರಿಯಾದರೆ ಅದನ್ನು ತೆಗೆದರೆ ಎಷ್ಟೋ ಸಲ ದಾರಿ ಬಿಟ್ಟುಕೊಡುತ್ತೆ. ತೆಗೆಯೋದು ಹೇಗೆ ಅಂತ ಆಸ್ಪತ್ರೆ ಬಿಡುವ ಮೊದಲೇ ಕೈಯಾರೆ ಮಾಡಿ ಕಲಿತಿರಬೇಕು. ಆಗಲೂ ಉಸಿರು ಸಲೀಸಾಗದಿದ್ದರೆ 108ಕ್ಕೆ ಕರೆ ಮಾಡಿ. ಮಂಚದ ಪಕ್ಕ ಒಂದು ಚೀಲ ಸದಾ ತೂಗುಹಾಕಿರಲಿ: ಅದೇ ಅಳತೆಯ ಇನ್ನೊಂದು ಟ್ಯೂಬ್, ಒಂದು ಸೈಜ್ ಚಿಕ್ಕದು, ಕಟ್ಟುವ ಟೇಪು, ಕತ್ತರಿ, ಅಂಬು ಬ್ಯಾಗ್, ಟಾರ್ಚ್.

ಕರೆಂಟ್ ಮರೆಯಬೇಡಿ. ನಮ್ಮೂರಲ್ಲಿ ಮಳೆಗಾಲದ ಸಂಜೆ ಕರೆಂಟ್ ಹೇಳಿ ಹೋಗಲ್ಲ. ಬ್ಯಾಟರಿ ಇರುವ ಮೆಷಿನ್ ತಗೊಳ್ಳಿ, ಇಲ್ಲವೇ ಕಾಲಿನಿಂದ ತುಳಿಯುವ ಸಕ್ಷನ್ ಪಂಪ್ ಒಂದು ಇಟ್ಟುಕೊಳ್ಳಿ. ದಿನಾ ಬೆಳಗ್ಗೆ ಪೈಪು ಮಡಚಿ ಮುಳ್ಳು ಏರುತ್ತಾ ಅಂತ ಒಮ್ಮೆ ನೋಡಿ. ಬೇಕಾದ ಹೊತ್ತಿಗೆ ಬಾಟಲಿ ಮುಚ್ಚಳ ಸಡಿಲ ಅಂತ ಗೊತ್ತಾಗಬಾರದು.

ಕ್ಯಾಮೆರಾ ನೋಡೋದು, ಮನುಷ್ಯರು ನೋಡೋದು

ಈ ಅಂಕಣ ಓದುವ ನಿಮ್ಮಲ್ಲಿ ಹಲವರು ಹಗಲು ಹೊತ್ತು ಆ ರೂಮಿನಲ್ಲಿ ಇರಲ್ಲ ಅಂತ ಗೊತ್ತು. ನೀವು ಆಫೀಸಿನಲ್ಲಿ, ಮೆಟ್ರೋದಲ್ಲಿ, ಬೇರೆ ದೇಶದಲ್ಲಿ. ರೂಮಿನಲ್ಲಿರೋದು ವಯಸ್ಸಾದ ಅಮ್ಮ, ಜೊತೆಗೆ ಹನ್ನೆರಡು ಗಂಟೆ ಡ್ಯೂಟಿಯ ಹೋಮ್ ಅಟೆಂಡರ್. ನಿಮ್ಮ ಫೋನಿನಲ್ಲಿ ಕ್ಯಾಮೆರಾ ಆ್ಯಪ್.

ಕ್ಯಾಮೆರಾ ಹಾಕೋದು ತಪ್ಪಲ್ಲ. ಅಟೆಂಡರ್‌ಗೆ ಮೊದಲೇ ತಿಳಿಸಿ ಹಾಕಿ. ಆದರೆ ಅದರಿಂದ ಏನು ಕಾಣಲ್ಲ ಅನ್ನೋದು ಗೊತ್ತಿರಲಿ. ಗೋಡೆ ಮೂಲೆಯ ಕ್ಯಾಮೆರಾಗೆ ನಾಲಿಗೆಯ ಬಣ್ಣ ಕಾಣಲ್ಲ, ಎದೆಯ ಗರಗರ ಕೈಗೆ ಸಿಗಲ್ಲ. ನೆಟ್‌ವರ್ಕ್ ಸುತ್ತುತ್ತಿರುವ ಹತ್ತು ಸೆಕೆಂಡಿನಲ್ಲೇ ಆ ಹತ್ತು ಸೆಕೆಂಡು ಮುಗಿದಿರುತ್ತೆ. ನೀವು ಅಲ್ಲಿಂದ "ನಿಲ್ಲಿಸಿ" ಅನ್ನೋ ಹೊತ್ತಿಗೆ ತಡ.

ಇದರ ಬದಲು ನಿಮ್ಮಿಂದ ಆಗುವ ಮೂರು ಕೆಲಸ ಇದೆ. ಡಿಸ್ಚಾರ್ಜ್‌ಗೆ ಮೊದಲಿನ ಎರಡು ದಿನ ರಜೆ ಹಾಕಿ, ಅಟೆಂಡರ್‌ನನ್ನೂ ಕರೆದುಕೊಂಡು ವಾರ್ಡಿಗೆ ಬಂದು ಒಟ್ಟಿಗೆ ಕಲಿಯಿರಿ. ಸಕ್ಷನ್ ಗೊತ್ತು ಅಂತ ಏಜೆನ್ಸಿ ಹೇಳಿದ್ದನ್ನೇ ನಂಬದೆ, ನಮ್ಮ ಮುಂದೆ ಒಮ್ಮೆ ಮಾಡಿಸಿ ನೋಡಿ. ಅಮ್ಮನಿಗೆ ಎಣಿಸುವ ಕೆಲಸ ಕೊಡಿ, ಮುಖ ನೋಡೋದರಲ್ಲಿ ಅವರಷ್ಟು ಅನುಭವ ಆ ಮನೆಯಲ್ಲಿ ಇನ್ಯಾರಿಗೂ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸತ್ಯ ಹೇಳೋಕೆ ಜಾಗ ಮಾಡಿಕೊಡಿ. ಮನೆಗಳಲ್ಲಿ ನಾನು ಕಂಡಿರೋದು ಏನಂದರೆ, ಪುಸ್ತಕದಲ್ಲಿ ಎಲ್ಲ ಸಾಲಲ್ಲೂ 97, 98 ಅಂತಲೇ ಇರುತ್ತೆ. ಒಂದು ದಿನ 89 ಅಂತ ಬರೆದಿದ್ದಕ್ಕೆ ಮನೆಯವರು ಫೋನಿನಲ್ಲೇ ರೇಗಿದ್ದರಂತೆ, "ನೀನೇನು ಮಾಡ್ತಿದ್ದೆ?" ಅಂತ. ಅವತ್ತಿನಿಂದ ಆ ಹುಡುಗ ಇಳಿದದ್ದನ್ನು ಬರೆಯೋದೇ ಬಿಟ್ಟ. ಸಕ್ಷನ್‌ನಲ್ಲಿ ಸಂಖ್ಯೆ ಇಳಿಯೋದು ಅವನ ತಪ್ಪಲ್ಲ, ಆ ಕೆಲಸದ ಗುಣವೇ ಅದು. ಇಳಿದಾಗ ನಿಲ್ಲಿಸಿದನಾ ಅನ್ನೋದು ಮುಖ್ಯ. 89ಕ್ಕೆ ನಿಲ್ಲಿಸಿ, ಆಕ್ಸಿಜನ್ ಕೊಟ್ಟು, ಕಾದು, ಬರೆದಿಟ್ಟವನು ಒಳ್ಳೆಯ ಕೆಲಸ ಮಾಡಿದ್ದಾನೆ. ಅವನನ್ನು ರೇಗಿದರೆ ನಾಳೆ ಅವನು ಸುಳ್ಳು ಬರೆಯುತ್ತಾನೆ. ದನಿ ಇಲ್ಲದ ರೋಗಿಯ ಪರವಾಗಿ ಮಾತಾಡಬೇಕಾಗಿದ್ದ ಒಂದೇ ಬಾಯಿ ಕೂಡ ಮುಚ್ಚಿಹೋಗುತ್ತೆ.

ಹಾಗಾಗಿ ಇವತ್ತು ಸಂಜೆ ಮನೆಗೆ ಫೋನ್ ಮಾಡಿದಾಗ "ಎಷ್ಟು ಸಲ ಸಕ್ಷನ್ ಮಾಡಿದ್ರಿ?" ಅಂತ ಕೇಳಬೇಡಿ. "ಇವತ್ತು ಅತಿ ಕಡಿಮೆ ಎಷ್ಟಕ್ಕೆ ಇಳೀತು? ಎಷ್ಟು ಹೊತ್ತಲ್ಲಿ ಮೇಲೆ ಬಂತು? ಮುಖ ಹೇಗಿತ್ತು?" ಅಂತ ಕೇಳಿ. ಉತ್ತರ ನಿಮಗೆ ಇಷ್ಟವಾಗದೇ ಇದ್ದರೂ ಮೊದಲು "ನಿಲ್ಲಿಸಿದ್ದು ಒಳ್ಳೇದಾಯ್ತು" ಅನ್ನಿ. ಆಮೇಲೆ ಆ ಸಂಖ್ಯೆಗಳನ್ನು ಬರೆದುಕೊಂಡು ಡಾಕ್ಟರ್‌ಗೆ ಫೋನ್ ಮಾಡಿ.